ಬೆನ್ನ ಮೇಲಿಟ್ಟ ಕೈ

ಡಾಕ್ಟರು ಫೋನಿನಲ್ಲಿ, ಈಗ ನಿಮ್ಮ ಹೊಟ್ಟೆಯನ್ನು ನೀವೇ ಒತ್ತಿ ನೋಡಿ, ಎಲ್ಲಿ ನೋಯುತ್ತದೆ ಹೇಳಿ ಎಂದರು. ಡಬ್ಲಿನ್ನಿನ ಅಂಚಿನ ಟಾಲಾದ ನಮ್ಮ ಮನೆಯ ಸೋಫಾದ ಮೇಲೆ ಅಂಗಾತ ಮಲಗಿ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಎರಡೂ ಕೈಗಳಿಂದ ಒತ್ತಿಕೊಂಡೆ. ಐವತ್ತು ವರ್ಷದಿಂದ ನನ್ನದೇ ಆಗಿದ್ದ ಹೊಟ್ಟೆ. ಆದರೂ ಅದರಲ್ಲಿ ಏನನ್ನು ಹುಡುಕಬೇಕೆಂದು ತಿಳಿಯಲಿಲ್ಲ. ಕೊನೆಗೆ "ಗ್ರ್ಯಾಂಡ್" ಎಂದುಬಿಟ್ಟೆ. ಐರ್ಲೆಂಡಿಗೆ ಬಂದವರು ಮೊದಲು ಕಲಿಯುವ ಮಾತು ಅದು. ಇಲ್ಲಿ ಅದಕ್ಕೆ ಭರ್ಜರಿ ಎಂಬ ಅರ್ಥವಿಲ್ಲ. ಪರವಾಗಿಲ್ಲ, ನಡೆಯುತ್ತದೆ, ನನ್ನ ಗೊಡವೆ ಬಿಡಿ ಎಂಬುದೆಲ್ಲ ಅದರಲ್ಲಿ ಸೇರಿದೆ. ಕಾಲು ಮುರಿದುಕೊಂಡವನೂ ಇಲ್ಲಿ ಮೊದಲು ಗ್ರ್ಯಾಂಡ್ ಎನ್ನುತ್ತಾನೆ.

ಗದಗಿನಲ್ಲಿ ನಮ್ಮ ಓಣಿಯ ಡಾಕ್ಟರು ನಾಲಿಗೆ ಚಾಚಿಸಿ, ಕಣ್ಣಿನ ರೆಪ್ಪೆ ಎಳೆದು, ಹೊಟ್ಟೆ ಒತ್ತಿ, ಆಮೇಲೆಯೇ ಏನಾಯಿತು ಎಂದು ಕೇಳುತ್ತಿದ್ದರು. ಅರ್ಧ ಜ್ವರ ಆ ಕೈಗೇ ಇಳಿಯುತ್ತಿತ್ತು. ಇಲ್ಲಿಯ ಡಾಕ್ಟರುಗಳೂ ಒಳ್ಳೆಯವರೇ, ತಾಳ್ಮೆಯವರು. ಆದರೆ ಕೊರೊನಾ ಬಂದ ಮೇಲೆ ಯಾರೂ ಯಾರನ್ನೂ ಮುಟ್ಟುವಂತಿರಲಿಲ್ಲ. ಸರಿಯಾಗಿ ಅಂಥ ಕಾಲವನ್ನೇ ಹುಡುಕಿದವಳಂತೆ ನನ್ನ ಮಗಳು ನಾಜಿಯಾ, ಕೈಯಿಂದ ಮುಟ್ಟಿ ನೋಡುವ ವೈದ್ಯವಿದ್ಯೆ ಓದುತ್ತೇನೆ ಎಂದು ಹೊರಟಳು.

ಆಸ್ಟಿಯೋಪತಿ ಎಂಬ ಹೆಸರು ಕೇಳಿ ಗದಗಿನ ನನ್ನ ಅಣ್ಣ, ಹೋಮಿಯೋಪತಿಯೇನು ಎಂದು ವಿಚಾರಿಸಿದ. ನನಗೂ ಅನುಮಾನವಿತ್ತು. ಐರ್ಲೆಂಡಿನಲ್ಲಿ ಆಸ್ಟಿಯೋಪಾತ್ ಎಂದು ಬೋರ್ಡು ಹಾಕಿಕೊಂಡವರು ಬೆನ್ನು, ಕತ್ತು, ಕೀಲುಗಳನ್ನು ಕೈಯಿಂದ ಸರಿಪಡಿಸುತ್ತಾರೆ; ಅವರು ಡಾಕ್ಟರುಗಳಲ್ಲ. ಅಮೆರಿಕದಲ್ಲಿ ಹಾಗಲ್ಲ ಎಂದು ನಾಜಿಯಾ ನನಗೆ ಬಿಡಿಸಿ ಹೇಳಿದಳು. ಅಲ್ಲಿ ಅದನ್ನು ಓದಿದವರು ಪೂರ್ತಿ ಡಾಕ್ಟರುಗಳು, ಔಷಧ ಬರೆಯುತ್ತಾರೆ, ಆಪರೇಷನ್ನನ್ನೂ ಮಾಡುತ್ತಾರೆ. ಉಳಿದ ವೈದ್ಯರು ಓದುವುದೆಲ್ಲವನ್ನೂ ಓದಿ, ಅದರ ಮೇಲೆ ಕೈಯಿಂದ ರೋಗ ತಿಳಿಯುವುದನ್ನೂ ಉಪಚರಿಸುವುದನ್ನೂ ಕಲಿಯುತ್ತಾರೆ. ದೇಹವೆಲ್ಲ ಒಂದೇ, ಅದರ ರಚನೆಗೂ ಕೆಲಸಕ್ಕೂ ನಂಟಿದೆ, ತನ್ನನ್ನು ತಾನು ವಾಸಿಮಾಡಿಕೊಳ್ಳುವ ಶಕ್ತಿ ಅದಕ್ಕಿದೆ ಎಂಬುದು ಆ ವಿದ್ಯೆಯ ಬುಡ. ಮೊಣಕಾಲು ನೋವೆಂದು ಹೋದವನ ನಿದ್ದೆಯನ್ನೂ ಮನೆಯನ್ನೂ ಅವರು ವಿಚಾರಿಸುತ್ತಾರಂತೆ.

ನಾವು ಹಿಂದೆ ನ್ಯೂಜೆರ್ಸಿಯಲ್ಲಿದ್ದಾಗ ಹುಟ್ಟಿದವಳು ಅವಳು. ಹಾಗಾಗಿ ಅಮೆರಿಕದ ಪಾಸ್‌ಪೋರ್ಟ್ ಇತ್ತು. ಡಬ್ಲಿನ್ನಿನಲ್ಲಿ ವಿಜ್ಞಾನದ ಪದವಿ ಮುಗಿಸಿ, ಅಮೆರಿಕದ ಹಲವು ಕಾಲೇಜುಗಳಿಗೆ ಅರ್ಜಿ ಹಾಕಿದಳು. ಸಂದರ್ಶನಕ್ಕೆ ಕರೆದದ್ದು ಒಂದೇ ಕಾಲೇಜು, ಅದೂ ಫೆಬ್ರವರಿಯಲ್ಲಿ, ಕಂಪ್ಯೂಟರಿನ ಮೂಲಕ. ಅದು ಕೈತಪ್ಪಿದರೆ ಆ ವರ್ಷದ ಕಥೆ ಮುಗಿದಂತೆ.

ನಾನು ಸ್ಯಾಂಡಿಫರ್ಡಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದೇ ಹೊಟ್ಟೆಪಾಡು, ಸ್ವಭಾವವೂ ಅದೇ ಎಂದು ಹೆಂಡತಿ ನಸ್ರೀನ್ ಹೇಳುತ್ತಾಳೆ. ಲಾಕ್‌ಡೌನಿನಲ್ಲಿ ಲುವಾಸ್ ಟ್ರಾಮಿನ ಓಡಾಟ ತಪ್ಪಿ, ಊಟದ ಮೇಜೇ ಆಫೀಸಾಗಿತ್ತು. ಉಳಿದ ಸಮಯವನ್ನೆಲ್ಲ ಮಗಳ ಸಂದರ್ಶನಕ್ಕೆ ಸುರಿದೆ. ಎಕ್ಸೆಲ್ ಹಾಳೆಯಲ್ಲಿ ಅರವತ್ತೆರಡು ಪ್ರಶ್ನೆಗಳು. ಎದುರಿಗೆ ಬರಬೇಕಾದ ಉತ್ತರ, ಅವಳು ಕೊಟ್ಟ ಉತ್ತರ, ಪಾಸು ಅಥವಾ ಫೇಲು. ಮೊದಲ ಸಾಲು, ಬೇರೆ ವೈದ್ಯವಿದ್ಯೆ ಬಿಟ್ಟು ಇದೇ ಏಕೆ ಎಂಬುದು. ಅದಕ್ಕೆ ಮೇಲಿನ ತತ್ವಗಳನ್ನೇ ಅಚ್ಚುಕಟ್ಟಾಗಿ ಜೋಡಿಸಿ ಬಾಯಿಪಾಠ ಮಾಡಿಸಿದೆ. ನಾವೆಲ್ಲ ಪಿಯುಸಿ ಪಾಸಾದದ್ದೇ ಹಾಗಲ್ಲವೇ?

ನಮ್ಮ ಸಾಲಿನ ಕೊನೆಯ ಮನೆಯಲ್ಲಿ ಮೈಸೂರಿನ ರಂಜಿತಾ ಮತ್ತು ಕಾರ್ತಿಕ್ ಇದ್ದಾರೆ. ಅವಳು ತನ್ನ ಕಂಪನಿಗೆ ಜನರನ್ನು ಆರಿಸುವವಳು. ಆ ಜನವರಿಯಲ್ಲಿ ಅವಳಿಗೆ ಗಂಡುಮಗು ಹುಟ್ಟಿತು. ಬಾಣಂತನಕ್ಕೆ ಬರಬೇಕಿದ್ದ ತಾಯಿ ಸುಮಿತ್ರಮ್ಮ ವಿಮಾನವಿಲ್ಲದೆ ಮೈಸೂರಿನಲ್ಲೇ ಉಳಿದರು. ಪುಟ್ಟ ಮಗುವಿರುವ ಮನೆಯವರು ಇನ್ನೊಂದು ಮನೆಯವರೊಡನೆ ಮಾತ್ರ ಬೆರೆಯಬಹುದು ಎಂಬ ನಿಯಮವಿತ್ತು. ಅದಕ್ಕೆ ಬಬಲ್ ಎನ್ನುತ್ತಿದ್ದರು. ಅವರು ನಮ್ಮನ್ನು ಕೇಳಿಕೊಂಡರು. ನಸ್ರೀನ್ ನೇಸ್ ಊರಿನ ಹತ್ತಿರ ವೃದ್ಧರ ಆರೈಕೆಯ ಮನೆಯಲ್ಲಿ ಕೆಲಸ ಮಾಡುವವಳು, ಸೋಂಕು ತಂದಾಳೆಂದು ತಾನೇ ದೂರ ನಿಂತಳು. ಹಾಗಾಗಿ ಕೂಸಿಗೆ ನೀರು ಹಾಕುವ ಕೆಲಸ ನಾಜಿಯಾಳ ಪಾಲಿಗೆ ಬಂತು.

ಊರಲ್ಲಾದರೆ ಬಚ್ಚಲುಮನೆ, ಹಂಡೆ, ಮಣೆ. ಇಲ್ಲಿ ಮಹಡಿಯ ಬಾತ್‌ರೂಮು ಹಿಮದ ಗವಿ. ಅದಕ್ಕೇ ಅಡುಗೆಮನೆಯ ನೆಲದ ಮೇಲೆ, ಮಕ್ಕಳು ಬೇಸಿಗೆಯಲ್ಲಿ ಆಡುವ ಗಾಳಿ ತುಂಬಿದ ತೊಟ್ಟಿಯನ್ನಿಟ್ಟು, ಅದರೊಳಗೆ ಪ್ಲಾಸ್ಟಿಕ್ ಸ್ಟೂಲು ಹಾಕಿ, ನಾಜಿಯಾ ಕಾಲು ಚಾಚಿ ಕೂರುತ್ತಿದ್ದಳು. ಅಲಮಾರಿಗೆ ಒರಗಿಸಿದ ಫೋನಿನಲ್ಲಿ ಸುಮಿತ್ರಮ್ಮ. ಮೊದಲ ದಿನ ಕೂಸು ಕಿರುಚಿದಾಗ ಅವರು ಹೇಳಿದ್ದನ್ನು ನಾಜಿಯಾ ಮನೆಗೆ ಬಂದು ಅವರದೇ ಧಾಟಿಯಲ್ಲಿ ಒಪ್ಪಿಸಿದಳು:

"ಗಾಬರಿ ಆಗ್ಬೇಡ ಪುಟ್ಟೀ. ಮೊದ್ಲು ಬೆನ್ನ ಮೇಲೆ ಕೈ ಇಟ್ಟು ಸುಮ್ನಿರು. ಅವ್ನೇ ಸಮಾಧಾನ ಆಗ್ತಾನೆ. ಆಮೇಲೆ ಎಣ್ಣೆ."

ನಾನು ದಂಗಾದೆ. ನಮ್ಮ ಮನೆಮಾತು ಉರ್ದು, ಹೊರಗೆ ಕನ್ನಡ. ಇಪ್ಪತ್ತು ವರ್ಷ ತಲೆಕೆಳಗಾಗಿ ನಿಂತರೂ ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಟಾಲಾದ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದಳು. ಈಗ ನೆತ್ತಿ, ಮಗ್ಗುಲು, ಬೋರಲು, ಹದಬಿಸಿ ಎಂದು ಮೈಸೂರಿನವಳಂತೆ ಮಾತಾಡತೊಡಗಿದಳು. ಎಲ್ಲಕ್ಕೂ ತಲೆಯಾಡಿಸಿದಳೆಂದಲ್ಲ. ಕಿವಿಗೆ ಎಣ್ಣೆ ಬಿಡು ಎಂದಾಗ ಬಿಡಲಿಲ್ಲ. ಸುಮಿತ್ರಮ್ಮ ಎರಡು ದಿನ ಮುಖ ಊದಿಸಿಕೊಂಡು, ಮೂರನೆಯ ದಿನ ಯಾಕೆ ಅಂತ ಹೇಳು ಎಂದರಂತೆ. ಕಿವಿಯಲ್ಲಿ ಸೋಂಕಾದೀತೆಂದು ಹೇಳಿದ ಮೇಲೆ, ಸರಿ, ನೆತ್ತಿಗೆ ಮಾತ್ರ ಹಚ್ಚು ಎಂದು ಒಪ್ಪಿದರಂತೆ.

ಸಂದರ್ಶನಕ್ಕೆ ವಾರವಿರುವಾಗ ರಂಜಿತಾ ಫೋನಿನಲ್ಲಿ ಅಣಕು ಸಂದರ್ಶನ ಮಾಡಿದಳು. ಮುಗಿದ ಮೇಲೆ ನನ್ನನ್ನು ಕರೆದು, "ಅಂಕಲ್, ಬೇಜಾರ್ ಮಾಡ್ಕೋಬೇಡಿ. ಕಾಲೇಜಿನ ವೆಬ್‌ಸೈಟ್ ಓದ್ದಂಗೆ ಐತೆ. ನಾನಾಗಿದ್ರೆ ತಗೊಳ್ತಿರ್ಲಿಲ್ಲ" ಎಂದಳು. ನನ್ನ ಅರವತ್ತೆರಡು ಪಾಸುಗಳು ಒಮ್ಮೆಗೇ ಫೇಲಾದವು. ಅಂದು ಸಂಜೆ ನಾಜಿಯಾ, ಮೊದಲ ಪ್ರಶ್ನೆಗೆ ಪಾಪುವಿನ ಸ್ನಾನದ ಬಗ್ಗೆ ಹೇಳುತ್ತೇನೆ ಎಂದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಡಾಕ್ಟರ್ ಸೀಟ್ ಕೇಳೋವಾಗ ಮಗು ತೊಳ್ದೆ ಅಂತೀಯಾ? ಅದು ಆಯಾ ಕೆಲ್ಸ" ಎಂದೆ.

ಅವಳು ದನಿ ಏರಿಸಲಿಲ್ಲ. ನಿಮ್ಮ ಉತ್ತರಗಳೆಲ್ಲ ಸರಿಯಾಗಿವೆ ಅಬ್ಬಾ, ಅದರಲ್ಲಿ ಮನುಷ್ಯರು ಯಾರೂ ಇಲ್ಲ ಅಷ್ಟೇ ಎಂದು ಇಂಗ್ಲಿಷಿನಲ್ಲಿ ಹೇಳಿ ಕೋಣೆಗೆ ಹೋದಳು. ಎರಡು ದಿನ ನಮ್ಮ ನಡುವೆ ಮಾತಿರಲಿಲ್ಲ.

ಮೂರನೆಯ ದಿನ ನಸ್ರೀನ್ ಮಾಡಿಟ್ಟ ಮೆಂತ್ಯದ ಗಂಜಿಯನ್ನು ಬಾಣಂತಿಗೆ ಕೊಡಲು ಹೋಗಿ, ಹಿತ್ತಲ ಕಿಟಕಿಯ ಹೊರಗೆ ನಿಂತೆ. ಒಳಗೆ ನಾಜಿಯಾ ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡಿದ್ದಳು. ಅದು ಕೆಂಪಗೆ ಅಳುತ್ತಿತ್ತು. ಅವಳು ಅದರ ಬೆನ್ನ ಮೇಲೆ ಅಂಗೈ ಇಟ್ಟು ಸುಮ್ಮನೆ ಕೂತಳು. ಸವರಲಿಲ್ಲ, ತಟ್ಟಲಿಲ್ಲ. ಕಣ್ಣು ಮುಚ್ಚಿ, ಕೈಯಿಂದಲೇ ಏನನ್ನೋ ಕೇಳಿಸಿಕೊಳ್ಳುತ್ತಿದ್ದಳು. ಕೂಸು ಒಂದು ದೀರ್ಘ ಉಸಿರು ಬಿಟ್ಟು ಸಡಿಲವಾಯಿತು. ಆಗ ಎಣ್ಣೆಗೆ ಕೈ ಚಾಚಿದಳು. ಗಂಜಿಯ ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಆ ಕೂರುವ ಭಂಗಿಯನ್ನು ನಾನು ಮೊದಲೇ ನೋಡಿದ್ದೆ.

ಮನೆಗೆ ವಾಪಸು ನಡೆಯುವಾಗ ಅವಳಿಗೆ ಹೇಳಿದೆ. ನನ್ನ ಅಮ್ಮಿ, ಅವಳು ದಾದಿ ಎನ್ನುವ ಅಜ್ಜಿ, ಗದಗಿನಲ್ಲಿ ಮನೆಮನೆಗೆ ಹೋಗಿ ಕೂಸುಗಳಿಗೆ ಎರೆಯುತ್ತಿದ್ದಳು. ಅದನ್ನು ಶಾಲೆಯಲ್ಲಿ ಮುಚ್ಚಿಟ್ಟೆ, ಕಾಲೇಜಿನಲ್ಲಿ ಮುಚ್ಚಿಟ್ಟೆ, ಕೊನೆಗೆ ನನ್ನ ಮಗಳಿಂದಲೂ ಮುಚ್ಚಿಟ್ಟೆ. ಎಷ್ಟೋ ಕೂಸುಗಳು ಆ ಕೈಯಲ್ಲಿ ಬಲಿತವು, ಮಗನಾದ ನಾನು ಮಾತ್ರ ಆ ಕೈಗೆ ನಾಚಿಕೊಂಡೆ. ನಾಜಿಯಾ ಬಾಗಿಲ ಹತ್ತಿರ ನಿಂತು, "ದಾದಿ ಯಾವ ಎಣ್ಣೆ ಹಾಕ್ತಿದ್ರು ಅಬ್ಬಾ?" ಎಂದು ಕೇಳಿದಳು. ಕನ್ನಡದಲ್ಲಿ ಕೇಳಿದಳು. ಒಳಗೆ ಬಂದು ಎಕ್ಸೆಲ್ ಹಾಳೆಯ ಮೊದಲ ಸಾಲನ್ನು ಅಳಿಸಿ ಖಾಲಿ ಬಿಟ್ಟೆ.

ಸಂದರ್ಶನದ ಮಧ್ಯಾಹ್ನ ನನ್ನನ್ನು ಕೋಣೆಯಿಂದ ಹೊರಗೆ ಹಾಕಿದರು. ಮೆಟ್ಟಿಲ ಮೇಲೆ ಕೂತು ಕಳ್ಳನಂತೆ ಕೇಳಿಸಿಕೊಂಡೆ. ಯಾರೂ ಯಾರನ್ನೂ ಮುಟ್ಟದ ಈ ಕಾಲದಲ್ಲಿ ಮುಟ್ಟುವ ವಿದ್ಯೆ ನಿನಗೇಕೆ ಎಂದು ಪ್ರೊಫೆಸರ್ ಹೆಂಗಸೊಬ್ಬರು ಕೇಳಿದರು. ತಮ್ಮ ಮೊಮ್ಮಗನನ್ನು ಮುಟ್ಟಲಾಗದ ಅಜ್ಜಿಯೊಬ್ಬರು ತಮ್ಮ ಕೈಕೆಲಸವನ್ನು ನನಗೆ ಫೋನಿನಲ್ಲಿ ಕಲಿಸಿದರು ಎಂದು ಇವಳು ಶುರು ಮಾಡಿದಳು. ಕೈ ಇಟ್ಟು ಕಾಯುವುದನ್ನು ಹೇಳಿದಳು, ಕಿವಿಯ ಎಣ್ಣೆಯ ಜಗಳ ಹೇಳಿದಳು. ಅಮ್ಮಿಯ ವಿಷಯ ಎತ್ತಲಿಲ್ಲ. ಅದು ನಿಮ್ಮದು, ಹೇಳುವುದಿದ್ದರೆ ನೀವೇ ಹೇಳಬೇಕು ಎಂದು ಆಮೇಲೆ ಅಂದಳು. ಅದಕ್ಕೇ ಈಗ ಇಲ್ಲಿ ಬರೆದಿದ್ದೇನೆ.

ಸೀಟು ಸಿಕ್ಕಿತು. ಬೇಸಿಗೆಯ ಕೊನೆಗೆ ಅವಳು ಹೊರಟಳು. ಅಪ್ಪಿಕೊಳ್ಳುವುದು ನಮ್ಮ ಮನೆಯಲ್ಲಿ ರೂಢಿಯಿಲ್ಲ. ಏರ್‌ಪೋರ್ಟಿನಲ್ಲಿ ಅವಳ ಬೆನ್ನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಮಾಸ್ಕಿನ ಮೇಲಿನ ಅವಳ ಕಣ್ಣುಗಳು ತುಂಬಿದ್ದವು.

ವಿಮಾನಗಳು ಸರಾಗವಾದ ಮೇಲೆ ಸುಮಿತ್ರಮ್ಮ ಬಂದರು. ಅಷ್ಟರಲ್ಲಿ ಪಾಪು ಅಂಬೆಗಾಲಿಡುತ್ತಿದ್ದ. ಅಜ್ಜಿಯ ಮುಖ ಫೋನಿನಲ್ಲಿ ಗುರುತಿತ್ತು, ಕೈ ಗುರುತಿರಲಿಲ್ಲ. ಮೊದಲ ಸ್ನಾನಕ್ಕೆ ಕಾಲ ಮೇಲೆ ಹಾಕಿಕೊಂಡದ್ದೇ ಮನೆ ಹಾರುವಂತೆ ಕಿರುಚಿದ. ರಂಜಿತಾ, ಕಾರ್ತಿಕ್, ನಸ್ರೀನ್, ನಾನು ನಾಲ್ವರೂ ಅಡುಗೆಮನೆಯಲ್ಲೇ ಇದ್ದೆವು. ರಂಜಿತಾ ನಾಜಿಯಾಗೆ ವಿಡಿಯೊ ಕಾಲ್ ಮಾಡಿ ಫೋನನ್ನು ಅದೇ ಅಲಮಾರಿಗೆ ಒರಗಿಸಿದಳು.

"ಗಾಬರಿ ಆಗ್ಬೇಡಿ ಅಮ್ಮಾ" ಎಂದಳು ಮಗಳು, ಅಮೆರಿಕದ ಯಾವುದೋ ಹಾಸ್ಟೆಲಿನಿಂದ, ಮೈಸೂರಿನ ಕನ್ನಡದಲ್ಲಿ, ಟಾಲಾದ ರಾಗದಲ್ಲಿ. "ಮೊದ್ಲು ಬೆನ್ನ ಮೇಲೆ ಕೈ ಇಟ್ಟು ಸುಮ್ನಿರಿ. ಅವ್ನೇ ಸಮಾಧಾನ ಆಗ್ತಾನೆ."

ಸುಮಿತ್ರಮ್ಮ ನಕ್ಕು, ಕಣ್ಣೊರೆಸಿಕೊಂಡು, ಹೇಳಿದ ಹಾಗೇ ಮಾಡಿದರು. ಪಾಪು ಸುಮ್ಮನಾದ. ಗದಗಿನವರು ನನ್ನ ಮಗಳನ್ನು ಡಬ್ಲಿನ್ನಿನವಳು ಎನ್ನುತ್ತಾರೆ, ಇಲ್ಲಿಯವರು ಇಂಡಿಯಾದವಳು ಎನ್ನುತ್ತಿದ್ದರು, ಅಲ್ಲಿಯ ಕಾಲೇಜಿನಲ್ಲಿ ಅವಳು ಐರಿಷ್ ಹುಡುಗಿಯಂತೆ. ನನ್ನನ್ನು ಕೇಳಿದರೆ ಹೇಳಲು ನನಗೂ ಒಂದೇ ಊರಿಲ್ಲ.

ಸ್ನಾನ ಮುಗಿದು ಕೂಸನ್ನು ಸುತ್ತಿಕೊಳ್ಳುತ್ತ ಸುಮಿತ್ರಮ್ಮ, ಮಗಳು ನೆನಪಾಗುವುದಿಲ್ಲವೇ ಎಂದು ನನ್ನನ್ನು ಕೇಳಿದರು. ನಾನು ರೂಢಿಯಂತೆ "ಗ್ರ್ಯಾಂಡ್" ಎಂದೆ. ಅವರಿಗೆ ಅರ್ಥವಾಗಲಿಲ್ಲ. ನನ್ನ ಮುಖ ನೋಡುತ್ತ ಕಾದರು. ಕೊನೆಗೆ ಕನ್ನಡದಲ್ಲೇ ಹೇಳಬೇಕಾಯಿತು.

"ಆಗ್ತಾಳೆ ಅಮ್ಮಾ. ದಿನಾ ಆಗ್ತಾಳೆ."