ಗಿಟಾರಿನ ವಯಸ್ಸು ನೋಡಲು ಬಂದವರು

ನನ್ನ ಗಂಡ ಹುನಗುಂದದ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಹರೆಯದಿಂದಲೂ ಮದುವೆಗಳಿಗೆ ಹೋಗುವ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ಬಾರಿಸುತ್ತಾರೆ. ನಾಲ್ಕೇ ತಂತಿಯ, ಕರೆಂಟಿಗೆ ಹಚ್ಚಿದರೆ ಗುಂ ಗುಂ ಎನ್ನುವ ಗಿಟಾರು. ಅದನ್ನು ಗೋವಾದ ಮುದುಕರೊಬ್ಬರಿಂದ ಕೊಂಡಿದ್ದರು. ಗಿಟಾರಿನ ತಲೆಯ ಮೇಲಿದ್ದ ಕಂಪನಿಯ ಹೆಸರು ಅಳಿಸಿಹೋಗಿ, ಯಾರೋ ಅಲ್ಲಿ ಕರಿ ಬಣ್ಣ ಬಳಿದಿದ್ದರು. ಆದರೂ ಇವರು ಬಂದವರಿಗೆಲ್ಲ, "ಅಮೇರಿಕಾದ್ದೈತ್ರಿ, ನನಗಿಂತ ಹಿರೇದು" ಎನ್ನುತ್ತಿದ್ದರು.

ಮದುವೆಯಾದ ಎರಡನೇ ವರ್ಷ ಇವರು ಹತ್ತು ದಿನದ ತರಬೇತಿಗೆಂದು ಧಾರವಾಡಕ್ಕೆ ಹೋದರು. ನಾನು ಜೇಡರ ಬಲೆ ತೆಗೆಯುವಾಗ ಕೋಲು ತಾಗಿ, ಗೋಡೆಯ ಮೇಲಿದ್ದ ಗಿಟಾರು ಬೀಸುವ ಕಲ್ಲಿನ ಮೇಲೆ ಬಿತ್ತು. ಕುತ್ತಿಗೆ ನಡುವೆಯೇ ಮುರಿಯಿತು. ಅಳುತ್ತ ಕೂತರೆ ಹತ್ತರಲ್ಲಿ ಒಂದು ದಿನ ಹಾಳು ಎಂದುಕೊಂಡು, ಅದನ್ನು ಕೌದಿಯಲ್ಲಿ ಸುತ್ತಿ ಇಳಕಲ್ ಬಸ್ ಹತ್ತಿದೆ.

"ಏನ್ರಿ ಅಕ್ಕಾರ ಅದು?" ಎಂದ ಕಂಡಕ್ಟರ್.

"ನನ್ನ ಸವತಿ ಅದಾಳಪಾ. ಕುತ್ತಿಗಿ ಮುರದೈತಿ."

ಅವನು ಇಳಕಲ್ ಬರುವವರೆಗೂ ನನ್ನತ್ತ ಸುಳಿಯಲಿಲ್ಲ.

ಇಳಕಲ್ಲಿನಲ್ಲಿ ನನ್ನ ಸೋದರಮಾವ ಇದ್ದ. ಕೈಮಗ್ಗದ ಸಾಮಾನು ಮಾಡುವ ಬಡಗಿ. ಹಳೆಯ ಮಗ್ಗವೊಂದರ ಸಾಗವಾನಿಯಲ್ಲಿ ಅದೇ ಅಳತೆಯ ಕುತ್ತಿಗೆ ಕೆತ್ತಿದ. ಮುರಿದದ್ದರಿಂದ ಲೋಹದ ಪಟ್ಟಿಗಳನ್ನೂ ತಂತಿ ಬಿಗಿಯುವ ಕಿವಿಗಳನ್ನೂ ಕಿತ್ತು ಇದಕ್ಕೆ ಕೂರಿಸಿದ. ತಲೆಗೆ ಕರಿ ಬಣ್ಣ, ಉಳಿದದ್ದಕ್ಕೆ ಚಹಾದ ಡಿಕಾಕ್ಷನ್ ಬಳಿದು ಪಾಲಿಶ್ ಕೊಟ್ಟ. ಎಂಟನೇ ದಿನ ಗಿಟಾರು ಮತ್ತೆ ನಮ್ಮ ಮೊಳೆಗೆ ತೂಗಿತು.

ಇವರು ಬಂದವರೇ ಶ್ರುತಿ ಮಾಡಿ, ಕಣ್ಣು ಮುಚ್ಚಿ ಬಾರಿಸಿದರು. "ನೋಡು, ಹಳೇ ಕಟ್ಟಿಗಿ ಅಂದ್ರ ಹಿಂಗ. ದಿನಾ ಹೋದಂಗ ರುಚಿ ಏರತೈತಿ" ಎಂದರು.

"ಹೌದ್ರಿ" ಎಂದೆ. ಆ ಮಾತನ್ನು ಇಪ್ಪತ್ತು ವರ್ಷ ಅವರು ಹೇಳಿದರು, ನಾನು ಹೌದ್ರಿ ಎಂದೆ.

ಹೋದ ವರ್ಷ ಇವರಿಗೆ ಫೋನಿನಲ್ಲಿ ಹಳೆಯ ಗಿಟಾರುಗಳ ಹುಚ್ಚು ಹತ್ತಿತು. ತಮ್ಮದು ಅಸಲಿಯೋ, ಎಷ್ಟು ವಯಸ್ಸಿನದೋ ತಿಳಿಯಬೇಕೆಂದು ಬಾಗಲಕೋಟೆಯ ಗಿಟಾರ್ ಮಾಸ್ತರರನ್ನು ಕರೆಸಿದರು. ಭಾನುವಾರ ಅವರು ಭೂತಗನ್ನಡಿ, ಬ್ಯಾಟರಿಯೊಂದಿಗೆ ಬಂದು, ಹೆಣ್ಣು ನೋಡಲು ಬಂದವರ ಹಾಗೆ ಚಾಪೆಯ ಮೇಲೆ ಕೂತರು.

"ಬಣ್ಣ ನೋಡಿ ವಯಸ್ಸು ಹೇಳಬಾರದ್ರಿ. ನಂಬರಿನ ಪಟ್ಟೀನೂ ನಂಬಾಂಗಿಲ್ಲ, ಒಂದರದ್ದು ತಗದು ಇನ್ನೊಂದಕ್ಕ ಹಚ್ಚತಾರ" ಎನ್ನುತ್ತ ಮಾಸ್ತರರು ವಾಲ್ಯೂಮ್ ಗುಂಡಿಯ ಕೆಳಗಿನ ತಗಡು ಬಿಚ್ಚಿದರು. ಗುಂಡಿಯ ಬುಡದಲ್ಲಿ ಅಂಕಿ ಒತ್ತಿರುತ್ತದಂತೆ. ಯಾವ ಕಾರ್ಖಾನೆ, ಯಾವ ವರ್ಷ, ಎಷ್ಟನೇ ವಾರ ಎಲ್ಲ ಅದರಲ್ಲೇ. "ಖರೇನ ಎಪ್ಪತ್ತನೇ ಇಸವಿ ಸುಮಾರಿಂದ್ರಿ. ವೈರಿನ ಬೆಸಿಗಿನೂ ಯಾರೂ ಮುಟ್ಟಿಲ್ಲ" ಎಂದರು. ನನ್ನ ಗಂಡ ತಾವೇ ಹೆತ್ತವರಂತೆ ನನ್ನತ್ತ ನೋಡಿದರು.

"ಇನ್ನ ಕುತ್ತಿಗಿ ಬಿಚ್ಚೂಣು. ಬುಡದಾಗ ಕಂಪನಿಯವರು ಪೆನ್ಸಿಲ್‌ಲೆ ತಾರೀಖು ಬರದಿರತಾರ" ಎಂದರು ಮಾಸ್ತರರು.

"ಮೊದಲ ಊಟಾ ಮಾಡ್ರಿ" ಎಂದೆ. ಮಾಸ್ತರರು ನಾಲ್ಕು ರೊಟ್ಟಿ ತಿಂದರು. ಅವರು ಕೈ ತೊಳೆಯುವಷ್ಟರಲ್ಲಿ ಸ್ಕ್ರೂಡ್ರೈವರನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುಗಿದೆ. ಇವರು ಅಟ್ಟದಿಂದ ಇನ್ನೊಂದು ತಂದರು.

"ಇವತ್ತ ಅಮಾಸಿ ಐತ್ರಿ, ಬಿಚ್ಚಬ್ಯಾಡ್ರಿ."

"ಅಮಾಸಿ ಮೊನ್ನೇನ ಆಗೇತಿ" ಎಂದರು ಇವರು.

ನಾಲ್ಕು ತಿರುಪು ಕಳಚಿದವು. ಕುತ್ತಿಗೆಯ ಬುಡಕ್ಕೆ ಮಾಸ್ತರರು ಭೂತಗನ್ನಡಿ ಹಿಡಿದರು. ಆಮೇಲೆ ಮೆಲ್ಲಗೆ, "ಸರ್, ಅಮೇರಿಕಾದವರು ಕನ್ನಡ ಬರೀತಾರೇನ್ರಿ?" ಎಂದರು.

ಸೋದರಮಾವನ ದುಂಡು ಅಕ್ಷರ: 'ಅಕ್ಕನ ಮಗಳದು. ಅಳಿಯಗ ಹೇಳಬಾರದು.'

ಇವರು ಅದನ್ನು ಮೂರು ಸಲ ಓದಿದರು. "ಅಳ್ಯಾ ಅಂದ್ರ ಯಾರು?"

"ನೀವರಿ."

ಮಾಸ್ತರರು ಚೀಲದೊಳಗೆ ಏನೋ ಹುಡುಕುವ ನೆವದಲ್ಲಿ ಮುಖ ಹುಗಿದು ನಕ್ಕರು. ನಾನು ಎಲ್ಲವನ್ನೂ ಹೇಳಿದೆ. ಇವರಿಗೆ ಮುರಿದದ್ದಕ್ಕಿಂತ ಬೇರೆಯದೇ ಸಿಟ್ಟು. "ಕಟ್ಟಿಗಿ ರುಚಿ ಅಂದಾಗೆಲ್ಲಾ ಹೌದ್ರಿ ಅಂತಿದ್ದೆಲ್ಲಾ!"

"ರುಚಿ ಇತ್ತಲ್ರಿ ಖರೆ. ನಮ್ಮ ಮಾಮಾ ಮಾಡಿದ್ದು."

ಮಾಸ್ತರರ ತೀರ್ಪು ಹೀಗಿತ್ತು: ಮೈಯೂ ಒಳಗಿನ ವೈರುಗಳೂ ಅಸಲಿ, ಕುತ್ತಿಗೆ ಇಳಕಲ್ಲಿನದು, ಆದ್ದರಿಂದ ಇಡೀ ಗಿಟಾರನ್ನು ಅಸಲಿ ಎನ್ನುವಂತಿಲ್ಲ. ಇವರ ಮುಖ ಬಾಡಿತು. ಆದರೆ ಮಾಸ್ತರರು ಒಂದು ಕಣ್ಣು ಮುಚ್ಚಿ ಕುತ್ತಿಗೆಯ ಗುಂಟ ನೋಡಿ, "ಏನ್ ನೆಟ್ಟಗೈತ್ರಿ ಇದು! ನನ್ನ ಗಿಟಾರಿಂದು ಡೊಂಕಾಗೇತಿ. ನಿಮ್ಮ ಮಾಮಾರ ಮನಿ ಎಲ್ಲೈತ್ರಿ ಅಕ್ಕಾರ?" ಎಂದರು.

ಎರಡು ದಿನ ಇವರು ನನ್ನೊಂದಿಗೆ ಮಾತಾಡಲಿಲ್ಲ. ಮೂರನೇ ದಿನ ತಾವಾಗಿಯೇ, "ಐತವಾರ ಇಳಕಲ್ಲಿಗೆ ಹೋಗೂಣು" ಎಂದರು. ನಮ್ಮ ಗಿಟಾರು, ಮಾಸ್ತರರ ಡೊಂಕು ಗಿಟಾರು ಎರಡನ್ನೂ ಹೊತ್ತು ಮೂವರೂ ಹೋದೆವು.

ಸೋದರಮಾವನ ಅಂಗಳದಲ್ಲಿ ಕೂತ ಕೂಡಲೇ ಇವರು ಕೇಳಿದರು, "ಮುಚ್ಚಿಡೂದು ಅಂದಮ್ಯಾಲೆ ಬರದ್ಯಾಕ ಇಟ್ರಿ ಮಾಮಾ?"

"ನನಗ ಮರವು ಭಾಳ, ಅಳ್ಯಾರ. ಬರದಿಡಲಿಲ್ಲ ಅಂದ್ರ ಅವತ್ತ ನಿಮಗ ಫೋನ್ ಮಾಡಿ ಹೇಳಿಬಿಡ್ತಿದ್ದೆ."

ಇವರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ತಮ್ಮ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕುತ್ತಿಗೆಯ ಹಿಂಭಾಗ ತೋರಿಸಿದರು. "ಇಲ್ಲಿ ಒಂದೀಟು ದಪ್ಪ ಆಗೇತ್ರಿ. ಇಪ್ಪತ್ತ ವರ್ಷಾತು, ಹೆಬ್ಬಟ್ಟು ನೋಯ್ತೈತಿ. ಅಮೇರಿಕಾದವರ ಕೈ ದೊಡ್ಡವು ಇರತಾವ ಅಂತ ಸುಮ್ಮನಿದ್ದೆ."

ಮಾವ ಅಲ್ಲಿ ಬೆರಳಾಡಿಸಿ ನೋಡಿ, "ಮೊದಲ ಹೇಳಬಾರದೇನ್ರಿ?" ಎನ್ನುತ್ತ ಒಳಗಿನಿಂದ ಕಟ್ಟಿಗೆ ಹೆರೆಯುವ ರಂದಾ ತಂದ.