ಅತ್ತೆಯ ಒಗೆಯುವ ಕಲ್ಲಿನೊಳಗಿನ ಸಮುದ್ರ

ಬಟ್ಟೆ ಒಗೆಯುವ ಕಲ್ಲನ್ನು ಯಾರೂ ಕಣ್ಣಿಟ್ಟು ನೋಡುವುದಿಲ್ಲ. ಕಲಬುರಗಿ ಹತ್ತಿರದ ಕಮಲಾಪುರದ ನನ್ನ ಸೋದರತ್ತೆ ಗಂಗವ್ವನ ಹಿತ್ತಲಿನ ಕಲ್ಲಿನ ಮೇಲೆ ಉಳ್ಳಾಗಡ್ಡಿ ಅಡ್ಡ ಕೊಯ್ದಂಥ ಸುರುಳಿಗಳಿದ್ದವು. ಚಿಕ್ಕಂದಿನಿಂದ ಅದರ ಮೇಲೆ ಕೂತೇ ಮಿಂದವನು ನಾನು. ಕಲಬುರಗಿಯಲ್ಲಿ ಭೂಗೋಳ ಕಲಿಸುವ ಮಾಸ್ತರನಾದರೂ, ಭೂಗೋಳ ನನ್ನ ಕೆಳಗೇ ಇದೆಯೆಂದು ಹೊಳೆದಿರಲಿಲ್ಲ.

ನಿಜಾಮರ ಕಾಲವದು. ಹೈದರಾಬಾದಿನ ವಸ್ತುಸಂಗ್ರಹಾಲಯಕ್ಕೆ ಕಲ್ಲು ಕೂಡಿಸುತ್ತಿದ್ದ ನನ್ನ ಪರಿಚಯದ ಸಾಹೇಬರೊಬ್ಬರು ಕಮಲಾಪುರಕ್ಕೆ ಬಂದಿದ್ದರು. ಚಹಾಕ್ಕೆಂದು ಅತ್ತೆಯ ಮನೆಗೆ ಕರೆದೊಯ್ದೆ. ಕೈತೊಳೆಯಲು ಹಿತ್ತಲಿಗೆ ಹೋದವರು ಅಲ್ಲೇ ಮಂಡಿಯೂರಿಬಿಟ್ಟರು.

"ಅಮ್ಮಾ, ಈ ಪತ್ಥರ ಎಲ್ಲೀದು?"

"ನಮ್ಮ ಮನಿಯವರು ಶಹಾಬಾದ ಕಡಿಂದ ಬಂಡ್ಯಾಗ ತಂದಿದ್ರು. ಯಾಕ್ರೀ, ಬಿರುಕು ಬಿಟ್ಟದೇನು?"

"ಇದು ಸಮುಂದರದಾಗ ಬೆಳೆದದ್ದಮ್ಮಾ!"

ಮನುಷ್ಯರೇ ಇಲ್ಲದ ಕಾಲದಲ್ಲಿ ಈ ಸೀಮೆಯ ಮೇಲೆ ಸಮುದ್ರವಿತ್ತು. ಅದರ ತಳದಲ್ಲಿ ಪಾಚಿಯಂಥದೊಂದು ಪದರದ ಮೇಲೆ ಪದರ ಕಟ್ಟಿ ಕಲ್ಲಾಯಿತು ಎಂದು ಅವರು ವಿವರಿಸಿದರು. ನಾನೂ ಪಕ್ಕದಲ್ಲಿ ಮಂಡಿಯೂರಿದೆ. ಅತ್ತೆ ಬಾಯಿ ತೆರೆದಳು.

"ನಮ್ಮಲ್ಲಿ ಸಮುದ್ರ? ಬ್ಯಾಸಿಗ್ಯಾಗ ಕುಡಿಯಾಕ ನೀರು ಸಿಗವಲ್ದು!"

ಸಾಹೇಬರು ಕಲ್ಲನ್ನು ಸಂಗ್ರಹಾಲಯಕ್ಕೆ ಕೊಡಿರೆಂದು ಕೇಳಿದಾಗ ಮಾತ್ರ ಅವಳ ಮುಖ ಸಣ್ಣದಾಯಿತು. ತೀರಿಹೋದ ಗಂಡ ತಂದ ಕಲ್ಲು. "ಜಬರದಸ್ತಿ ಇಲ್ಲಮ್ಮಾ" ಎಂದು ಸಾಹೇಬರು ಎದ್ದರು. ಅತ್ತೆ ಕೊಡ ಬಗ್ಗಿಸಿ ಕಲ್ಲಿನ ಮೇಲೆ ನೀರು ಸುರಿದಳು, ಮೂಡಿಬಂದ ಸುರುಳಿಗಳ ಮೇಲೆ ಬೆರಳಾಡಿಸಿದಳು.

"ಒಯ್ರಿ. ಆದ್ರ ಎಲ್ಲಿ ಇಡ್ತೀರಿ, ನಾ ಕಣ್ಣಾರೆ ನೋಡಬೇಕು."

ಕೆಲವು ತಿಂಗಳಿಗೆ, ನೋಡಲು ಬನ್ನಿರೆಂದು ಸಾಹೇಬರ ಕಾಗದ ಬಂತು. ಹೈದರಾಬಾದಿನಲ್ಲಿ ಕಲ್ಲು ಗಾಜಿನ ಪೆಟ್ಟಿಗೆಯಲ್ಲಿತ್ತು. ಜನ ಬಗ್ಗಿ ನೋಡುತ್ತಿದ್ದರೆ ಅತ್ತೆ ಪಕ್ಕದಲ್ಲೇ ನಿಂತು, ಕೇಳಿದವರಿಗೂ ಕೇಳದವರಿಗೂ, "ನಮ್ಮ ಮನೀದರೀ, ಸಮುದ್ರದ್ದು" ಎನ್ನುತ್ತಿದ್ದಳು, ಮದುಮಗಳ ತಾಯಿಯಂತೆ.

ಮರಳುವಾಗ ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಿದೆವು. ಅತ್ತೆ ಕಿಟಕಿಯ ಹೊರಗಿನ ಕಪ್ಪು ಹೊಲಗಳನ್ನೇ ನೋಡುತ್ತಿದ್ದಳು.

"ತಮ್ಮಾ, ಆ ಸಮುದ್ರ ಏನಾತು?"

"ಎಂದೋ ಬತ್ತಿಹೋತು ಅತ್ತೀ. ಈಗ ನೋಡಬೇಕಂದ್ರ ಮುಂಬಯಿಗೆ ಹೋಗಬೇಕು."

"ಈ ಗಾಡಿ ಎಲ್ಲಿಗಿ ಹೋಗ್ತದ?"

"ಮುಂಬಯಿಗೇ."

ಕಲಬುರಗಿ ಬಂತು. ನಾನು ಗಂಟು ಎತ್ತಿಕೊಂಡೆ. ಅತ್ತೆ ಏಳಲಿಲ್ಲ, ಸೆರಗು ಸರಿಮಾಡಿಕೊಂಡು ಕಿಟಕಿಗೆ ಇನ್ನಷ್ಟು ಸರಿದು ಕೂತಳು.

"ಗಂಟು ಇಲ್ಲೇ ಇಡು. ಲಗೂನ ಹೋಗಿ ಟಿಕೀಟು ತಗೊಂಡು ಬಾ."

ಪ್ಲಾಟ್‌ಫಾರ್ಮಿನ ಮೇಲೆ ಧೋತರ ಎತ್ತಿ ಹಿಡಿದು ಓಡಿದೆ. ಟಿಕೀಟು ಬಾಬು ಎಷ್ಟೆಂದು ಕೇಳಿದ. ಎರಡು ಎಂದೆ. ಇಷ್ಟು ವರ್ಷ ಭೂಗೋಳ ಕಲಿಸಿದರೂ ಸಮುದ್ರವನ್ನು ನಾನೂ ನೋಡಿರಲಿಲ್ಲ.