ಕೊಬ್ಬರಿ, ಬೆಲ್ಲ ಮತ್ತು ಬೂಸಾ ಅಂಗಡಿಯ ಅಕ್ಕ

ಮೊನ್ನೆ ಬೇಲೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬರುತ್ತಿದ್ದೆ. ಅಂಗಡಿಯೊಂದರ ಮುಂದೆ ಹಿಂಡಿ ಮೂಟೆಯ ಬಾಯಿ ಬಿಚ್ಚಿಟ್ಟಿದ್ದರು. ಕೊಬ್ಬರಿ ಹಿಂಡಿಯ ವಾಸನೆ, ಸ್ವಲ್ಪ ಸಿಹಿ, ಸ್ವಲ್ಪ ಕಮಟು. ಕಾಲು ತಾನಾಗಿಯೇ ನಿಂತಿತು. ಗಿರಾಕಿ ಎಂದುಕೊಂಡು ಅಂಗಡಿಯವರು ಎದ್ದು ಬಂದರು. ಏನೂ ಬೇಡವೆಂದು ತಲೆಯಾಡಿಸಿ ಮುಂದೆ ನಡೆದೆ...

ಅರಸೀಕೆರೆಯಲ್ಲಿ ನಾನು ಏಳು ವರ್ಷ ಬಾಡಿಗೆಗಿದ್ದದ್ದು ಒಂದು ಬೂಸಾ ಅಂಗಡಿಯ ಮೇಲಿನ ಕೋಣೆಯಲ್ಲಿ. ಅಂಗಡಿ ನಡೆಸುತ್ತಿದ್ದಾಕೆ ಬೀದಿಗೆಲ್ಲ ಅಕ್ಕ, ಹಾಗಾಗಿ ನನಗೂ ಅಕ್ಕ. ಐವತ್ತು ದಾಟಿದ ಒಂಟಿ ಹೆಂಗಸು. ಮೂಟೆ ಎತ್ತಲು ಯಾರಿಗೂ ಕಾಯುತ್ತಿರಲಿಲ್ಲ. ಮಾತು ಕಡಿಮೆ, ಆಡಿದರೆ ಖಡಾಖಂಡಿತ. ಒಮ್ಮೆ ತೌಡಿನ ಲಾರಿ ಇಳಿಸುವಾಗ ಮೂಟೆಗಳ ಸಂದಿಯಿಂದ ಎರಡು ಹಂದಿಮರಿಗಳು ಹೊರಬಂದವು. ಎಲ್ಲಿ ಹತ್ತಿಕೊಂಡಿದ್ದವೋ ಡ್ರೈವರನಿಗೂ ಗೊತ್ತಿರಲಿಲ್ಲ. ಅಕ್ಕ ಅವನ್ನು ಹಿತ್ತಿಲಿಗೆ ಬಿಟ್ಟುಕೊಂಡರು. ಬೆಳ್ಳಗಿದ್ದ ಗಂಡು ಕೊಬ್ಬರಿ, ಕೆಂಚಗಿದ್ದ ಹೆಣ್ಣು ಬೆಲ್ಲ. ತೆಂಗಿನ ಸೀಮೆ ಅರಸೀಕೆರೆಯಲ್ಲಿ ಇನ್ನೇನು ಹೆಸರಿಡುತ್ತಾರೆ?

ಬೀದಿಯವರು ಮೂಗು ಮುರಿದರು. ಮೊದಮೊದಲು ನಾನೂ ಕಿಟಕಿ ಮುಚ್ಚಿಕೊಂಡವನೇ. ಆಮೇಲೆ ಸಂಜೆಯ ಟೀ ಲೋಟ ಹಿಡಿದು ಅದೇ ಕಿಟಕಿಯಲ್ಲಿ ನಿಲ್ಲುವುದು ಅಭ್ಯಾಸವಾಯಿತು. ಎರಡು ತೊಟ್ಟಿ ಇಟ್ಟರೂ ಅವು ಒಂದೇ ತೊಟ್ಟಿಗೆ ಮೂತಿ ಹಾಕುತ್ತಿದ್ದವು. ಬೆಲ್ಲದ ಕುತ್ತಿಗೆಯ ಮೇಲೆ ತಲೆಯಿಟ್ಟರೇನೇ ಕೊಬ್ಬರಿಗೆ ನಿದ್ದೆ. ಒಂದು ಕಣ್ಣಿಗೆ ಬೀಳದಿದ್ದರೆ ಇನ್ನೊಂದು ರೈಲ್ವೆ ಸ್ಟೇಷನ್ನಿಗೆ ಕೇಳುವಂತೆ ಕಿರುಚುತ್ತಿತ್ತು.

ನಾಲ್ಕನೆಯ ವರ್ಷವಿರಬೇಕು, ಅಕ್ಕನ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಮೂರು ಸಲ ಹಾಸನದಲ್ಲಿ ಡಯಾಲಿಸಿಸ್. ಅಂಗಡಿ ಮುಚ್ಚಿ ಅಲ್ಲೇ ಇದ್ದ ತಮ್ಮನ ಮನೆಗೆ ಹೋಗುವುದೆಂದಾಯಿತು. ಆ ಮನೆಗೆ ಹಂದಿಗಳನ್ನು ಒಯ್ಯುವಂತಿರಲಿಲ್ಲ. ಊದಿದ ಕಾಲನ್ನು ಮೂಟೆಯ ಮೇಲೆ ಚಾಚಿಕೊಂಡು ಅಕ್ಕ ನನ್ನನ್ನು ಕರೆದರು.

"ಎಲ್ಡೂ ಒಂದೇ ಕಡೆ ಇರ್ಬೇಕು ಕಣಪ್ಪ. ಯಾರೂ ಕೊಯ್ಯಬಾರ್ದು. ಅಷ್ಟು ನೋಡ್ಕೊಡು."

ಹೊಸ ಮನೆ ಹುಡುಕುವುದು ನನ್ನ ಪಾಲಿಗೆ ಬಂತು. ಕೇಳಿದವರೆಲ್ಲ ಮೊದಲು ವಿಚಾರಿಸುತ್ತಿದ್ದದ್ದು ತೂಕ. ಮಾದಿಹಳ್ಳಿಯ ಹಾಲಿನವರೊಬ್ಬರು ಹೆಣ್ಣು ಸಾಕು, ಮರಿ ಹಾಕಿಸಬಹುದು ಎಂದರು. ಹಳೇಬೀಡಿನ ಹತ್ತಿರ ಪ್ರವಾಸಿಗರಿಗೆ ಕೋಣೆ ಬಾಡಿಗೆ ಕೊಡುವವರೊಬ್ಬರಿಗೆ ಬಿಳಿಯದು ಮಾತ್ರ ಬೇಕಿತ್ತು, ಫೋಟೋಕ್ಕೆ ಚೆನ್ನಾಗಿ ಬರುತ್ತದಂತೆ. ಕೊನೆಗೆ ಒಪ್ಪಿದವರು ಬಿಕ್ಕೋಡಿನ ರೈತ ಯಜಮಾನರೊಬ್ಬರು. ಅರಸೀಕೆರೆಯ ಮಗಳ ಮನೆಗೆ ಬಂದಾಗಲೆಲ್ಲ ಅಕ್ಕನ ಹತ್ತಿರ ಹಸುವಿಗೆ ಹಿಂಡಿ ಕೊಂಡೊಯ್ಯುತ್ತಿದ್ದವರು.

ಅಕ್ಕ ಸುಮ್ಮನೆ ಕೊಡಲಿಲ್ಲ. ದಾನ ಕೊಟ್ಟದ್ದನ್ನು ಪಡೆದವರು ಏನು ಬೇಕಾದರೂ ಮಾಡಬಹುದು. ಅದಕ್ಕೆ ಪಾಲಿಗೆ ಕೊಡುತ್ತೇನೆಂದರು. ನಮ್ಮ ಕಡೆ ಕುರಿ, ಕರುಗಳನ್ನು ಹಾಗೆ ಕೊಡುವುದುಂಟು: ಪ್ರಾಣಿ ಇಬ್ಬರದು, ಸಾಕುವುದು ಒಬ್ಬರು, ಹುಟ್ಟಿದ ಮರಿಗಳಲ್ಲಿ ಇಬ್ಬರಿಗೂ ಪಾಲು. ಇನ್ನೊಬ್ಬರ ಮಾತಿಲ್ಲದೆ ಅದನ್ನು ಮಾರುವಂತಿಲ್ಲ, ಕೊಯ್ಯುವಂತಿಲ್ಲ.

ಯಜಮಾನರು ನಕ್ಕರು. "ಅಲ್ಲ ಕಣಕ್ಕ, ಗಂಡಿಗೆ ಬೀಜ ಒಡೆಸಿದೀರ. ಮರಿ ಎಲ್ಲಿಂದ ಬತ್ತವೆ? ಏನಂತ ಪಾಲು ಮಾಡ್ಕಳಾದು?"

"ಗೊಬ್ಬರ ನಿಮ್ದು. ಅವು ಬದುಕಿರಾದು ನನ್ ಪಾಲು," ಎಂದರು ಅಕ್ಕ. ಆಮೇಲೆ ನನ್ನ ಕಡೆ ಕೈ ತೋರಿಸಿದರು. "ಇವ್ನೇ ಸಾಕ್ಷಿ. ನಾನು ಸಿಗ್ದಿದ್ರೆ ಇವ್ನನ್ನೇ ಕೇಳಿ."

ಗೂಡ್ಸ್ ಆಟೋದಲ್ಲಿ ಬಿಕ್ಕೋಡಿನವರೆಗೂ ಅಕ್ಕ ಜೊತೆಗೆ ಬಂದರು. ಯಜಮಾನರು ಕೊಟ್ಟಿಗೆಯ ಪಕ್ಕದಲ್ಲಿ ಹಂದಿಗಳಿಗೆ ಹೊಸ ಗೂಡು ಕಟ್ಟಿಸಿದ್ದರು. ಅವು ಒಳಗೆ ಹೋಗಿ ಮೂಸಿ ನೋಡಿ ಅಂಟಿಕೊಂಡು ಮಲಗಿದವು. ಅಕ್ಕ ಇಳಿಯಲಿಲ್ಲ, ಆಟೋದಲ್ಲಿ ಕೂತೇ ನೋಡಿದರು.

ಆಮೇಲೆ ಹಾಸನದಿಂದ ಆಗಾಗ ಫೋನ್ ಬರುತ್ತಿತ್ತು. "ಎಲ್ಡೂ ಒಟ್ಗವಾ?" ಅಷ್ಟೇ ಪ್ರಶ್ನೆ. ನಾನು ಯಜಮಾನರನ್ನು ಕೇಳಿ "ಒಟ್ಟಿಗಿವೆ ಅಕ್ಕ" ಎನ್ನುತ್ತಿದ್ದೆ. ಒಂದು ವರ್ಷದ ಮೇಲೆ ಫೋನ್ ನಿಂತಿತು. ನಿಂತದ್ದು ನನ್ನ ಗಮನಕ್ಕೇ ಬರಲಿಲ್ಲ. ತಿಥಿಯೆಲ್ಲ ಮುಗಿದ ಮೇಲೆ ಅಕ್ಕನ ತಮ್ಮ ಸುದ್ದಿ ಹೇಳಿದರು. "ಹೌದಾ" ಎಂದೆ. ಫೋನ್ ಇಟ್ಟು ಊಟ ಮಾಡಿದೆ. ಅಳು ಬರಬೇಕಿತ್ತು, ಬರಲಿಲ್ಲ...

ಅದೇ ವಾರ ಆಫೀಸಿನ ಮೀಟಿಂಗಿನ ನಡುವೆ ಯಜಮಾನರ ಫೋನ್.

"ಅಕ್ಕ ಹೋಗ್ಬಿಟ್ರಂತಲ್ಲಪ್ಪ. ಪಾಲು ಮುಗೀತು. ಸತ್ತೋರ ಪಾಲು ನಾನು ಇಟ್ಕಳಾಕಾಗಲ್ಲ. ಎಲ್ಡ್ರಲ್ಲಿ ಒಂದು ಅವ್ರದ್ದು. ಏನ್ಮಾಡ್ಲಿ?"

ಸಾಹೇಬರು ನನ್ನನ್ನೇ ನೋಡುತ್ತಿದ್ದರು. "ಯಾರಿಗಾದರೂ ಕೊಟ್ಟುಬಿಡಿ," ಎಂದೆ.

"ಯಾರಿಗಾದ್ರೂನಾ?"

"ಹೂಂ, ಯಾರಿಗಾದರೂ."

ಏನು ಹೇಳಿದೆನೆಂದು ಹೊಳೆದದ್ದು ಎಷ್ಟೋ ದಿನ ಕಳೆದ ಮೇಲೆ. ಭಾನುವಾರ ಬಿಕ್ಕೋಡಿಗೆ ಹೋದೆ. ಗೂಡಿನಲ್ಲಿ ಬೆಲ್ಲ ಒಂದೇ ಇತ್ತು, ಗೋಡೆಗೆ ಮುಖ ಮಾಡಿ ಮಲಗಿತ್ತು. ಯಜಮಾನರು ಟವೆಲ್‌ನಲ್ಲಿ ಕೈ ಒರೆಸಿಕೊಳ್ಳುತ್ತ ಬಂದರು. ಊರಲ್ಲೊಂದು ಬೀಗರೂಟದ ಮಾಂಸಕ್ಕೆ ಕೇಳಿದ್ದರಂತೆ, ಅಕ್ಕನ ಪಾಲೆಂದು ಕೊಬ್ಬರಿಯನ್ನು ಕೊಟ್ಟಿದ್ದರು. ಅವರ ಮುಖದಲ್ಲಿ ತಪ್ಪು ಮಾಡಿದ ಅಳುಕಿರಲಿಲ್ಲ. ಯಾಕಿರಬೇಕು? ಸಾಕ್ಷಿಯನ್ನು ಎರಡು ಸಲ ಕೇಳಿಯೇ ಕೊಟ್ಟಿದ್ದರು.

"ಅವ್ರ ಪಾಲು ನಿಮ್ಮತ್ರಾನೇ ಇರ್ಲಿ ಅಂತ ನೀವೊಂದ್ ಮಾತು ಅಂದಿದ್ರೆ ಇಟ್ಕತಿದ್ದೆ ಕಣಪ್ಪ," ಎಂದರು. "ನಿಮ್ ಹೆಸ್ರಲ್ಲಿ ಹೊಸ ಪಾಲಾಗ್ತಿತ್ತು. ನೀವು ಅನ್ಲಿಲ್ಲ."

ಕಾಫಿ ಕೊಟ್ಟರು, ಕುಡಿದೆ. ಬಸ್ಸು ಬಂತು, ಹತ್ತಿದೆ.

ನನಗೀಗ ಬೇಲೂರಿಗೆ ವರ್ಗವಾಗಿದೆ. ಬಿಕ್ಕೋಡಿನ ಬಸ್ಸು ದಿನವೂ ಎದುರಿಗೇ ನಿಂತಿರುತ್ತದೆ. ಅಕ್ಕ ಇಲ್ಲ, ಕೊಬ್ಬರಿ ಇಲ್ಲ. ಬೆಲ್ಲ ಇದೆಯೋ ಇಲ್ಲವೋ ನಾನು ಕೇಳಿಲ್ಲ. ಉಳಿದದ್ದು ಯಜಮಾನರ ಪಾಲಿನದು. ಅದರ ಬಗ್ಗೆ ಕೇಳುವ ಹಕ್ಕನ್ನು ನಾನೇ ಅಂದು ಫೋನಿನಲ್ಲಿ ‘ಯಾರಿಗಾದರೂ’ ಎಂದು ಕೊಟ್ಟುಬಿಟ್ಟಿದ್ದೇನೆ.